ತರ್ಕ ಓದಿದವರು ಮುಂದ ಏನ್ ಮಾಡ್ತಾರ?

ಊರು

ನಾನು ಅಮೇರಿಕಕ್ಕೆ ಹೋದದ್ದು ಒಂದು ಪ್ರಶ್ನೆ ಕೇಳಿಕೊಂಡು ಬರುವುದಕ್ಕೆ. ಪ್ರಶ್ನೆ ನನ್ನದಲ್ಲ, ಹೋಗಿಬರುವ ವಿಮಾನದ ಖರ್ಚೂ ನನ್ನದಲ್ಲ. ಆದ್ದರಿಂದ ಈ ಕಥನದಲ್ಲಿ ಎತ್ತರದ ಕಟ್ಟಡಗಳ ವರ್ಣನೆ ಹುಡುಕುವವರು ಬೇರೆ ಪುಸ್ತಕ ನೋಡಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳಲ್ಲಿ ಒಂದರ ಕಾಲೇಜಿನಲ್ಲಿ ನಾನು ಆಗ ಹನ್ನೊಂದು ವರ್ಷಗಳಿಂದ ತರ್ಕಶಾಸ್ತ್ರದ ಮಾಸ್ತರನಾಗಿದ್ದೆ. ಯಾವ ಊರೆಂದು ಹೇಳಿದರೆ ನಮ್ಮ ಚೇರಮನ್ ಸಾಹೇಬರಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ಉಳಿದ ಮೂರು ಊರಿನವರಿಗೆ ಬರುತ್ತದೆ. ಪಗಾರ ಕೊಡುವವರು ಚೇರಮನ್ ಸಾಹೇಬರಾದ್ದರಿಂದ ಊರಿನ ಹೆಸರು ಬಿಟ್ಟಿದ್ದೇನೆ.

ಕಲಿಸುವುದೆಂದರೆ ನಮ್ಮಲ್ಲಿ ನೋಟ್ಸ್ ಹೇಳುವುದು. ನನ್ನ ಹತ್ತಿರ ಬೂದು ರಟ್ಟಿನ ಒಂದು ವಹಿ ಇತ್ತು. ಮೊದಲ ವರ್ಷ ಶ್ರದ್ಧೆಯಿಂದ ಬರೆದದ್ದು, ಆಮೇಲೆ ಹತ್ತು ವರ್ಷ ಅದನ್ನೇ ಓದಿದ್ದು. ನಾನು ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು. ಪಾಸಾದವರ ನೋಟ್ಸು ಹೊಸಬರ ಕೈಗೆ ಬರುತ್ತಿತ್ತು, ಹೀಗಾಗಿ ನಾನು ಎಲ್ಲಿ ಕೆಮ್ಮುತ್ತೇನೆಂಬುದೂ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಕೇಳಿದ್ದರೆ ನನಗೆ ಗಾಬರಿಯಾಗುತ್ತಿತ್ತು.

ಹೀಗಿರುವಾಗ ಅಧ್ಯಾಪಕರ ವಿನಿಮಯ ಯೋಜನೆಯೊಂದರ ಫಾರ್ಮು ಬಂತು. ನಮ್ಮ ಕಾಲೇಜಿನಲ್ಲಿ ಬೇರೆ ಯಾರೂ ತುಂಬದ್ದರಿಂದ ನಾನು ತುಂಬಿದೆ, ಯಾರೂ ಅಡ್ಡಿ ಬಾರದ್ದರಿಂದ ಆರಿಸಿ ಬಂದೆ. ಅಮೇರಿಕದ ಅಯೋವಾ ಎಂಬ ಸೀಮೆಯ ಒಂದು ಸಣ್ಣ ಕಾಲೇಜಿನಲ್ಲಿ ಜನವರಿಯಿಂದ ಮಾರ್ಚಿನವರೆಗೆ ಇರಬೇಕು, ಅಲ್ಲಿ ವಾರಕ್ಕೆ ಎರಡು ತಾಸು ಕಲಿಸಬೇಕು.

ರಜೆಯ ಅರ್ಜಿ ಹಿಡಿದು ಚೇರಮನ್ ಸಾಹೇಬರ ಹತ್ತಿ ಅಡತಿ ಅಂಗಡಿಗೆ, ಅಂದರೆ ದಲ್ಲಾಳಿ ಮಳಿಗೆಗೆ, ಹೋದೆ. ಅವರು ಗಾದಿಯ ಮೇಲೆ ಕುಳಿತು ಅರಳೆಯ ಎಳೆ ಎಳೆದು ನೋಡುತ್ತಿದ್ದರು. ಅರ್ಜಿ ಓದಿ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು.

"ದೇಶಪಾಂಡೇರ, ಸಿಟ್ಟಾಗಬ್ಯಾಡ್ರಿ. ನಿಮ್ಮ ವಿಷಯಕ್ಕ ಏಳ ಮಂದಿ ಅದಾರ. ಏಳ ಮಂದಿಗೆ ಒಂದ ಖೋಲಿ, ಒಬ್ಬ ಮಾಸ್ತರ. ಕಾಮರ್ಸ್ ತಗದ್ರ ಅದ ಖೋಲ್ಯಾಗ ಅರವತ್ತ ಮಂದಿ ಕುಂದರ್ತಾರ. ಹ್ಯಾಂಗೂ ಹೊಂಟೀರಿ, ಅಲ್ಲಿ ಇಂಥಾ ಹಳೇ ವಿಷಯ ನಡಸ್ತಾರೋ, ಮುಚ್ಚ್ಯಾರೋ ನೋಡ್ಕೊಂಡ ಬಂದು ವರದಿ ಬರೀರಿ. ಅವ್ರು ನಡಸ್ತಿದ್ರ ನಾವೂ ನಡಸೂಣು. ಅವ್ರು ಮುಚ್ಚಿದ್ರ ನಮ್ದೇನ್ ಹಟಾ?"

ನ್ಯಾಯವಾದ ಮಾತೇ. ಅದರಲ್ಲಿರುವ ತರ್ಕದೋಷ ನನ್ನ ವಹಿಯ ನಲವತ್ತನೇ ಪುಟದಲ್ಲಿತ್ತು, ಆದರೆ ಅಡತಿ ಅಂಗಡಿಯಲ್ಲಿ ಅದನ್ನು ಹೇಳಲಿಕ್ಕಾಗುವುದಿಲ್ಲ. "ಆಗ್ಲಿರಿ" ಎಂದು ಬಂದೆ.

ಆ ಏಳು ಮಂದಿಯಲ್ಲಿ ಒಬ್ಬಳು ನೀಲವ್ವ, ಇಂಗಳೇಶ್ವರದ ಹುಡುಗಿ, ಬಿ.ಎ. ಮೊದಲ ವರ್ಷದವಳು. ಅವಳ ತಾಯಿ ಗೀಗೀ ಮೇಳದಲ್ಲಿ ನಾಗೇಶಿ ಹಾಡುವವಳು. ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ: ಹರದೇಶಿ ಎಂದೊಂದು ಪಕ್ಷ, ನಾಗೇಶಿ ಎಂದೊಂದು ಪಕ್ಷ. ಗಂಡು ಹೆಚ್ಚೆಂದು ಅವರು, ಹೆಣ್ಣು ಹೆಚ್ಚೆಂದು ಇವರು, ದಪ್ಪು ಬಡಿಯುತ್ತ ಹಾಡಿನಲ್ಲೇ ಸವಾಲು ಹಾಕುತ್ತಾರೆ, ಹಾಡಿನಲ್ಲೇ ಜವಾಬು ಕೊಡುತ್ತಾರೆ. ನೀಲವ್ವ ನಾನು ಹೊರಡುವ ಹಿಂದಿನ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಸರ, ಅಲ್ಲಿ ತರ್ಕಾ ಓದಿದವ್ರು ಮುಂದ ಏನ್ ಮಾಡ್ತಾರ್ರಿ? ಕೇಳ್ಕೊಂಡ ಬರ್ರಿ."

"ಯಾಕವಾ?"

"ಊರೂರಾಗ ಸವಾಲ ಹಾಕೂ ನಮ್ಮವ್ವ, ಮನ್ಯಾಗ ನನಗ ಇದೊಂದ ಸವಾಲ ಹಾಕ್ಯಾಳ್ರಿ. ಜವಾಬ ಕೊಡಾಕ ಆಗವಲ್ದು. ವಿಷಯ ಮುಚ್ಚತಾರಂತ ಕೇಳೇನಿ. ಮುಚ್ಚಿದ್ರ ನನ್ನ ಕಾಲೇಜ ಬಿಡಸ್ತಾಳ."

ಹನ್ನೊಂದು ವರ್ಷದಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಅದು. ಉತ್ತರ ನನ್ನ ವಹಿಯಲ್ಲಿ ಇರಲಿಲ್ಲ.

ಚಿಕಾಗೋ

ನಮ್ಮ ಕಡೆಯ ಮನುಷ್ಯ ಹಾಸಿಗೆ ಇಲ್ಲದೆ ಊರು ಬಿಡುವುದಿಲ್ಲ. ಸೋಲಾಪುರಕ್ಕೆ ಲಗ್ನಕ್ಕೆ ಹೋದರೂ ಹೋಲ್ಡಾಲು ಬೇಕು. ಗಾದಿ, ತಲೆದಿಂಬು, ಕೌದಿ ಸುತ್ತಿ, ಪಟ್ಟಿ ಬಿಗಿದು ಹೆಗಲಿಗೇರಿಸಿದರೆ ಮನಸ್ಸಿಗೊಂದು ಧೈರ್ಯ. ನಾನೂ ಅಮೇರಿಕಕ್ಕೆ ಹೋಲ್ಡಾಲು ಒಯ್ದೆ. ಎಲ್ಲಕ್ಕಿಂತ ಭದ್ರವಾದ ಜಾಗವೆಂದು ಬೂದು ವಹಿಯನ್ನು ಕೌದಿಯ ಮಡಿಕೆಯಲ್ಲಿ ಇಟ್ಟಿದ್ದೆ, ಪಕ್ಕದಲ್ಲಿ ಶೇಂಗಾ ಚಟ್ನಿಯ ಡಬ್ಬಿ.

ಚಿಕಾಗೋದಲ್ಲಿ ಎಲ್ಲರ ಪೆಟ್ಟಿಗೆ ಬಂದವು, ನನ್ನದೂ ಬಂತು, ಹೋಲ್ಡಾಲು ಬರಲಿಲ್ಲ. ಸಾಮಾನು ತರುವ ಪಟ್ಟಿ ಖಾಲಿಯಾಗಿ ತಿರುಗುವುದನ್ನು ಅರ್ಧ ತಾಸು ನೋಡಿ, ಕಳೆದ ಸಾಮಾನಿನ ಕೌಂಟರಿಗೆ ಹೋದೆ. ಅಲ್ಲಿ ಚಹರೆಯೆಲ್ಲ ನಗೆಯಾಗಿದ್ದ ಒಬ್ಬ ದಪ್ಪ ಹೆಂಗಸು ಇದ್ದಳು.

"ಏನು ಕಳೆದಿದೆ?"

"ಹಾಸಿಗೆ."

ಆಕೆ ಪೆನ್ನು ಕೆಳಗಿಟ್ಟಳು. "ಸ್ವಾಮಿ, ಅಮೇರಿಕದಲ್ಲಿ ಹಾಸಿಗೆ ಇಲ್ಲವೆಂದು ನಿಮಗೆ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ಇದೆಯೆಂದೂ ಯಾರೂ ಹೇಳಿರಲಿಲ್ಲ. ಒಳಗೆ ಬೆಲೆಬಾಳುವ ವಸ್ತು ಏನಿತ್ತೆಂದು ಕೇಳಿದಾಗ "ತರ್ಕಶಾಸ್ತ್ರ" ಎಂದೆ. ಆಕೆ 'ಪುಸ್ತಕ' ಎಂದು ಬರೆದುಕೊಂಡಳು. ಹೇಗೂ ಮಾತು ಬಂತಲ್ಲ ಎಂದು ನೀಲವ್ವನ ಪ್ರಶ್ನೆಯನ್ನು ಅಲ್ಲಿಯೇ ಕೇಳಿದೆ.

"ನನ್ನ ಭಾವ ಕಾಲೇಜಿನಲ್ಲಿ ಅಂಥದ್ದೇನೋ ಓದಿದ್ದ. ಈಗ ವಿಮೆ ಮಾರುತ್ತಾನೆ," ಎಂದಳು. "ಚೆನ್ನಾಗಿ ಮಾರುತ್ತಾನೆ. ಅವನ ಜೊತೆ ಊಟಕ್ಕೆ ಕೂಡಲು ಮಾತ್ರ ಯಾರಿಗೂ ಇಷ್ಟವಿಲ್ಲ."

ಇದನ್ನು ನನ್ನ ಡೈರಿಯಲ್ಲಿ ಮೊದಲನೇ ಉತ್ತರವೆಂದು ಬರೆದುಕೊಂಡೆ.

ಅಯೋವಾ: ಉದ್ದನೆಯ ಮೇಜು

ಅಯೋವಾದ ಮಣ್ಣು ನಮ್ಮ ಡೋಣಿ ಹೊಳೆಯ ದಂಡೆಯ ಎರಿ ಹೊಲದಂತೆ ಕಪ್ಪು. ಆದರೆ ನಾನು ಹೋದಾಗ ಅದರ ಮೇಲೆ ಮೊಣಕಾಲುದ್ದ ಹಿಮ ಬಿದ್ದಿತ್ತಾದ್ದರಿಂದ ಇದನ್ನು ಮಾರ್ಚಿನವರೆಗೆ ಜನರ ಮಾತಿನ ಮೇಲೆ ನಂಬಬೇಕಾಯಿತು. ಹೊರದೇಶದ ಎಣ್ಣೆ ನಿಂತು ಪೆಟ್ರೋಲು ಸಿಗದ ಚಳಿಗಾಲ ಅದು, ಬಂಕುಗಳ ಮುಂದೆ ಕಾರುಗಳ ಸಾಲು. ನಮ್ಮಲ್ಲಿ ರೇಶನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರು ಜಗಳಾಡುತ್ತಾರೆ. ಇಲ್ಲಿಯವರು ಗಾಜು ಏರಿಸಿ ಒಳಗೆ ಕುಳಿತು ಮುಂದಿನವನ ಬೆನ್ನು ನೋಡುತ್ತಾರೆ. ಜಗಳವಾದರೂ ಇದ್ದಿದ್ದರೆ ಬೆಚ್ಚಗಿರುತ್ತಿತ್ತು.

ನನ್ನನ್ನು ಬರಮಾಡಿಕೊಂಡವರು ಮಿಸ್ ಆಲ್ಮಾ ಎಂಬ ಅರವತ್ತು ದಾಟಿದ ಪ್ರಾಧ್ಯಾಪಕಿ. ಗ್ರೀಕ್ ಭಾಷೆ ಮತ್ತು ತರ್ಕಶಾಸ್ತ್ರದ ವಿಭಾಗ ಅವರದು, ವಿಭಾಗದಲ್ಲಿ ಅವರೊಬ್ಬರೇ. ಒಂಟಿ ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ನನ್ನ ಹತ್ತಿರ ಹಾಸಿಗೆಯೂ ಇಲ್ಲ, ಉಣ್ಣೆಯ ಬಟ್ಟೆಯೂ ಇಲ್ಲವೆಂದು ತಿಳಿದು ತಮ್ಮ ತೀರಿಕೊಂಡ ತಂದೆಯ ಓವರ್‌ಕೋಟು ಕೊಟ್ಟರು. ಅದು ನನಗೆ ಹಿಮ್ಮಡಿಯವರೆಗೆ ಬರುತ್ತಿತ್ತು. ಅದನ್ನು ಹಾಕಿಕೊಂಡು ಹೊರಟರೆ ಊರ ಮಕ್ಕಳು ನಿಂತು ನೋಡುತ್ತಿದ್ದರು.

ಮೊದಲ ತರಗತಿಗೆ ವಹಿ ಇಲ್ಲದೆ ಹೋದೆ. ಅಲ್ಲಿ ವೇದಿಕೆ ಇಲ್ಲ, ಕರಿಹಲಗೆಯ ಮುಂದೆ ನಿಲ್ಲುವ ಜಾಗವಿಲ್ಲ. ಒಂದು ಉದ್ದನೆಯ ಮೇಜು, ಸುತ್ತ ಹನ್ನೆರಡು ಮಂದಿ. ಒಬ್ಬನ ಕಾಲು ಕುರ್ಚಿಯ ಮೇಲಿದೆ. ಒಬ್ಬ ಹುಡುಗಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಮೇಜಿನ ಕೆಳಗೆ ದೊಡ್ಡದೊಂದು ನಾಯಿ ಮಲಗಿದೆ. ನಮ್ಮ ಕಾಲೇಜಿನಲ್ಲೂ ನಾಯಿ ಒಳಗೆ ಬರುವುದುಂಟು, ಆದರೆ ಪೂರಾ ತಾಸು ಕೂಡುವುದಿಲ್ಲ.

ನಾನು ಗಂಟಲು ಸರಿಮಾಡಿಕೊಂಡು, "ಬರೆದುಕೊಳ್ಳಿ," ಎಂದೆ.

ಯಾರೂ ಪೆನ್ನು ತೆಗೆಯಲಿಲ್ಲ. ಕಾಲುಚೀಲದ ಹುಡುಗಿ ತಲೆಯೆತ್ತಿ, "ಯಾಕೆ?" ಎಂದಳು. ಉದ್ಧಟತನದಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ಆಕೆಯ ಹೆಸರು ಕೆರೋಲ್, ಹಂದಿ ಸಾಕುವ ರೈತನ ಮಗಳೆಂದು ಆಮೇಲೆ ತಿಳಿಯಿತು.

ನೆನಪಿನಿಂದ ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದರ, ಲಕ್ಷಣ ಹೇಳಲು ಶುರುಮಾಡಿದೆ. ನಾಲ್ಕು ವಾಕ್ಯ ಬಂದವು. ಐದನೆಯದು ಹೋಲ್ಡಾಲಿನಲ್ಲಿ ಎಲ್ಲಿಯೋ ಪ್ರಯಾಣ ಮಾಡುತ್ತಿತ್ತು. ನಾನು ಕೆಮ್ಮಿದೆ. ನಮ್ಮ ಹುಡುಗರಾಗಿದ್ದರೆ ಆ ಕೆಮ್ಮಿನ ನಂತರ ಏನು ಬರುತ್ತದೆಂದು ಅವರೇ ಹೇಳಿಕೊಡುತ್ತಿದ್ದರು. ಇಲ್ಲಿ ಹನ್ನೆರಡು ಮಂದಿ ಸುಮ್ಮನೆ ನನ್ನ ಮುಖ ನೋಡಿದರು, ನಾಯಿಯೂ ನೋಡಿತು. ಅಪ್ಪಾ, ಆ ಐದು ನಿಮಿಷ! ನನ್ನ ಮಾಸ್ತರಿಕೆಯೆಲ್ಲ ಆ ವಹಿಯಲ್ಲೇ ಇತ್ತು, ನನ್ನಲ್ಲಿ ಏನೂ ಇರಲಿಲ್ಲವೆಂದು ತಿಳಿದು ಬೆವರಿದೆ. ಹೊರಗೆ ಹಿಮ ಬೀಳುತ್ತಿತ್ತು.

ಮುಳುಗುವವನಿಗೆ ಹುಲ್ಲುಕಡ್ಡಿ ಎನ್ನುವಂತೆ ನೀಲವ್ವನ ತಾಯಿ ನೆನಪಾದಳು. ಹರದೇಶಿ, ನಾಗೇಶಿ ಎಂದರೆ ಏನೆಂದು ಹೇಳಿದೆ. ಮೇಜಿನ ಆ ಕಡೆಯವರನ್ನು ಒಂದು ಪಕ್ಷ ಮಾಡಿದೆ, ಈ ಕಡೆಯವರನ್ನು ಇನ್ನೊಂದು. ಆ ಮೇಳದಲ್ಲಿ ಒಂದು ಕಟ್ಟು ಇದೆ: ಎದುರಿನವರು ಹಾಕಿದ ಸವಾಲನ್ನು ಮೊದಲು ನಿಮ್ಮ ಬಾಯಿಂದ ಪೂರಾ ಹಾಡಿ ಒಪ್ಪಿಸಬೇಕು. ಅವರು "ಹೌದು, ನಾವು ಕೇಳಿದ್ದು ಇದೇ" ಎಂದು ತಲೆಯಾಡಿಸಿದ ಮೇಲೆಯೇ ಜವಾಬು. ತಲೆಯಾಡಿಸದಿದ್ದರೆ ದಪ್ಪು ಕೆಳಗಿಡಬೇಕು.

"ಹಾಡಬೇಕೇ?" ಎಂದ ಕಾಲು ಮೇಲಿಟ್ಟಿದ್ದ ಹುಡುಗ.

"ಬೇಡ, ಮಾತಾಡಿದರೆ ಸಾಕು," ಎಂದೆ. ದಪ್ಪಿನ ಬದಲು ಮೇಜು ಬಡಿದೆ. ನಾಯಿ ಎದ್ದು ಬೊಗಳಿತು.

ಯುದ್ಧ, ಪೆಟ್ರೋಲು, ಹಂದಿಯ ಧಾರಣೆ, ಎಲ್ಲದರ ಮೇಲೆ ಸವಾಲು ಬಂದವು. ಎದುರಿನವನ ಮಾತನ್ನು ಅವನು ಒಪ್ಪುವಂತೆ ಹೇಳುವುದು ಎಷ್ಟು ಕಷ್ಟವೆಂದರೆ ಮೊದಲ ಅರ್ಧ ತಾಸು ಜವಾಬಿನವರೆಗೆ ಯಾರೂ ತಲುಪಲಿಲ್ಲ. ಕೆರೋಲ್ ಮೂರು ಸಲ ಸೋತು, ಹೆಣಿಗೆ ಕೆಳಗಿಟ್ಟು, ನಾಲ್ಕನೇ ಸಲ ಒಪ್ಪಿಸಿದಳು. ತಾಸು ಮುಗಿದಾಗ ನನ್ನ ಅಂಗಿ ಒದ್ದೆಯಾಗಿತ್ತು. ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದ ಮಿಸ್ ಆಲ್ಮಾ ತಮ್ಮ ಪುಟ್ಟ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು.

ಅಯೋವಾ: ಆಲ್ಮಾ ಅವರ ಅಡುಗೆಮನೆ

ಇಲ್ಲಿಯವರು ಸಂಜೆ ಐದೂವರೆಗೆ ಊಟ ಮಾಡುತ್ತಾರೆ. ನಮ್ಮಲ್ಲಿ ಅದು ಎಮ್ಮೆ ಹಿಂಡುವ ಹೊತ್ತು. ಮಿಸ್ ಆಲ್ಮಾ ರವಿವಾರ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಅವರಿಗೆ ತೋಚಿದ್ದು ಮೊಸರು. ಕಾಗದದ ಲೋಟದಲ್ಲಿ ಸಕ್ಕರೆ ಹಾಕಿದ, ಹಣ್ಣಿನ ಬಣ್ಣದ ಮೊಸರು. ಕೊಲ್ಹಾರದ ಗಡಿಗೆಯ ಮೊಸರನ್ನು ಚಾಕುವಿನಿಂದ ಕೊಯ್ದು ಉಂಡವನಿಗೆ ಅದು ಮೊಸರೆಂದು ಒಪ್ಪಲು ಒಂದು ತಿಂಗಳು ಬೇಕಾಯಿತು. ಒಪ್ಪಿದ್ದು ಅವರ ಮರ್ಯಾದೆಗಾಗಿ.

ಮೂರನೇ ರವಿವಾರ ನೀಲವ್ವನ ಪ್ರಶ್ನೆ ಕೇಳಿದೆ. ಆ ಹೊತ್ತಿಗೆ ಡೈರಿಯಲ್ಲಿ ಆರು ಉತ್ತರ ಬಂದಿದ್ದವು: ವಿಮೆ, ವಕೀಲಿ, ಪಾದ್ರಿಗಿರಿ, ಲಾರಿ ಹೊಡೆಯುವುದು, 'ನನಗೆ ಗೊತ್ತಿಲ್ಲ' ಎರಡು ಸಲ.

"ಮೂವತ್ತೆರಡು ವರ್ಷದಿಂದ ತಂದೆತಾಯಂದಿರು ನನಗೆ ಅದನ್ನೇ ಕೇಳುತ್ತಾರೆ," ಎಂದರು ಮಿಸ್ ಆಲ್ಮಾ. "ಕೆರೋಲಳ ಅಪ್ಪ ಹೋದ ವಾರ ಕೇಳಿದ. ಅವರು ಮುಂದೆ ಏನು ಮಾಡುತ್ತಾರೋ ನನಗೆ ತಿಳಿಯದು. ಅವರಿಗೆ ಮೋಸ ಮಾಡುವುದು ಸ್ವಲ್ಪ ಕಷ್ಟ, ಅಷ್ಟೇ ತಿಳಿದಿದೆ. ಕೆಲವರಿಗೆ ತಮಗೆ ತಾವೇ ಮೋಸ ಮಾಡಿಕೊಳ್ಳುವುದೂ ಕಷ್ಟವಾಗುತ್ತದೆ. ಅಂಥವರು ಕಡಿಮೆ."

ಆಮೇಲೆ ತಟ್ಟೆ ತೊಳೆಯುತ್ತ ಹಳೆಯ ಕಥೆ ಹೇಳಿದರು. ಈ ವಿದ್ಯೆಗಳಿಗೆ ಅವರ ಕಡೆ ಇರುವ 'ಲಿಬರಲ್ ಆರ್ಟ್ಸ್' ಎಂಬ ಹೆಸರಿನ ಮೂಲ ಅರ್ಥ, ಯಾರ ಆಳೂ ಅಲ್ಲದವನು ಕಲಿಯುವ ವಿದ್ಯೆ ಎಂದು. ಮೊದಲು ವ್ಯಾಕರಣ, ಆಮೇಲೆ ತರ್ಕ, ಆಮೇಲೆ ಮಾತುಗಾರಿಕೆ. ಉಳಿದದ್ದೆಲ್ಲ ಆಮೇಲೆ. ಆಳುಗಳಿಗೆ ಕೆಲಸ ಕಲಿಸಿದರೆ ಸಾಕಿತ್ತಂತೆ.

"ಈಗ ಎಲ್ಲರೂ ಸ್ವತಂತ್ರರು. ಎಲ್ಲರೂ ಕೆಲಸ ಕಲಿಯಬೇಕೆನ್ನುತ್ತಾರೆ," ಎಂದು ನಕ್ಕರು. ಅವರು ನಕ್ಕದ್ದನ್ನು ಅದೇ ಮೊದಲು ನೋಡಿದ್ದು.

ನಾನೇನು ಕಡಿಮೆ ಎಂದು ನಮ್ಮ ಇಂಡಿ ತಾಲೂಕಿನ ಸಾಲೋಟಗಿಯ ಕಥೆ ತೆಗೆದೆ. ಸಾವಿರ ವರ್ಷದ ಹಿಂದೆ ಅಲ್ಲೊಂದು ಶಾಲೆ ಇತ್ತು, ದೂರದ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರ ದೀಪದ ಎಣ್ಣೆಗೂ ಹೊಲ ಬಿಟ್ಟಿದ್ದರು, ಕಲ್ಲಿನ ಮೇಲೆ ಬರೆದಿದೆ ಎಂದೆ. ಓವರ್‌ಕೋಟಿನೊಳಗೆ ನನ್ನ ಎದೆ ಸ್ವಲ್ಪ ಉಬ್ಬಿತ್ತು.

"ಅದು ಯಾವಾಗ ಮುಚ್ಚಿತು?"

"ಗೊತ್ತಿಲ್ಲ."

"ಯಾಕೆ ಮುಚ್ಚಿದರು?"

"ಅದೂ ಗೊತ್ತಿಲ್ಲ. ತೆರೆದದ್ದನ್ನು ಬರೆದಿದ್ದಾರೆ, ಮುಚ್ಚಿದ್ದನ್ನು ಯಾರೂ ಬರೆದಿಲ್ಲ."

ಮಿಸ್ ಆಲ್ಮಾ ತಟ್ಟೆ ಒರೆಸುವುದನ್ನು ನಿಲ್ಲಿಸಿದರು. "ಯಾರಾದರೂ ಬರೆಯಬೇಕಿತ್ತು," ಎಂದರು. ಆಗ ಅವರು ಹಾಗೇಕೆ ಅಂದರೆಂದು ನನಗೆ ಹೊಳೆಯಲಿಲ್ಲ.

ಅಯೋವಾ: ಮಾರ್ಚಿನ ಸಭೆ

ಹಿಮ ಕರಗಿ ಕಪ್ಪು ಮಣ್ಣು ಕಾಣಿಸಿದ ವಾರ ಅಲ್ಲಿಯ ಅಧ್ಯಾಪಕರ ಸಭೆ ನಡೆಯಿತು. ಅತಿಥಿಯೆಂದು ನನ್ನನ್ನೂ ಗೋಡೆಯ ಪಕ್ಕ ಕೂರಿಸಿದರು. ವಿಷಯ ಒಂದೇ: ಗ್ರೀಕ್ ಮತ್ತು ತರ್ಕದ ವಿಭಾಗವನ್ನು ಮುಚ್ಚಿ ಆ ಜಾಗದಲ್ಲಿ ವ್ಯಾಪಾರ ಆಡಳಿತ ಕಲಿಸುವುದು. ಆ ಮಾತು ಕಿವಿಗೆ ಬಿದ್ದಾಗ ಕೈಯಲ್ಲಿದ್ದ ಕಾಫಿ ಓವರ್‌ಕೋಟಿನ ಮೇಲೆ ಚೆಲ್ಲಿಕೊಂಡೆ. ಹತ್ತು ಸಾವಿರ ಮೈಲು ಬಂದು ನಮ್ಮ ಅಡತಿ ಅಂಗಡಿಯಲ್ಲೇ ಕುಳಿತಂತಾಯಿತು.

ಮಿಸ್ ಆಲ್ಮಾ ಸಭೆಯ ಕಾರ್ಯದರ್ಶಿ. ಹದಿನೆಂಟು ವರ್ಷದಿಂದ ನಡಾವಳಿ ಬರೆಯುವವರು ಅವರೇ. ಅಂದೂ ಅವರೇ ಬರೆಯುತ್ತಿದ್ದರು.

ಡೀನರು ಕೆಟ್ಟ ಮನುಷ್ಯರಲ್ಲ. ಹುಡುಗರು ಕಡಿಮೆಯಾಗುತ್ತಿದ್ದಾರೆ, ಕಾಲೇಜು ಉಳಿಯಬೇಕು ಎಂದು ಬೆವರು ಒರೆಸುತ್ತ ಹೇಳಿದರು. ಮಿಸ್ ಆಲ್ಮಾ ಪೆನ್ನು ಕೆಳಗಿಟ್ಟು ಎದ್ದರು. ಮೊದಲು ಡೀನರ ಮಾತನ್ನು ಪೂರ್ತಿ ಒಪ್ಪಿಸಿದರು, ಡೀನರಿಗಿಂತ ಚೆನ್ನಾಗಿ, ಅವರು ಮರೆತಿದ್ದ ಒಂದು ಕಾರಣವನ್ನೂ ಸೇರಿಸಿ. ಆಮೇಲೆ ಅವರ ಕಡೆ ತಿರುಗಿ, "ನೀವು ಹೇಳಿದ್ದು ಇದೇ ತಾನೇ?" ಎಂದು ಕೇಳಿದರು. ಡೀನರು ತಲೆಯಾಡಿಸಿದರು. ನೀಲವ್ವನ ತಾಯಿಯ ಕಟ್ಟು ಅದು! ಆ ಹೆಂಗಸಿಗೆ ಅಯೋವಾ ಎಂಬುದೊಂದು ಇದೆಯೆಂದೇ ಗೊತ್ತಿಲ್ಲ.

ಆಮೇಲೆ ತಮ್ಮ ಜವಾಬು ಕೊಟ್ಟರು. ಹತ್ತು ನಿಮಿಷ. ಯಾರೂ ಅಲ್ಲಾಡಲಿಲ್ಲ. ನಾನು ನನ್ನ ಆಯುಷ್ಯದಲ್ಲಿ ಕೇಳಿದ ಉತ್ತಮ ಮಾತು ಅದು.

ಕೈ ಎತ್ತಿಸಿದರು. ಮುಚ್ಚಬೇಕೆನ್ನುವವರು ಹತ್ತೊಂಬತ್ತು, ಬೇಡವೆನ್ನುವವರು ಹನ್ನೊಂದು. ಚೆನ್ನಾಗಿ ಮಾತಾಡಿದರೆ ಗೆಲ್ಲುತ್ತಾರೆ ಎಂಬ ನನ್ನ ನಂಬಿಕೆ ಹಾಗೆ ಹೋಯಿತು. ಅಲ್ಲಿಯ ಪದ್ಧತಿ, ಸಭೆ ಮುಗಿಯುವ ಮುನ್ನ ನಡಾವಳಿ ಓದಬೇಕು. ಮಿಸ್ ಆಲ್ಮಾ ಓದಿದರು, "ಗ್ರೀಕ್ ಮತ್ತು ತರ್ಕದ ವಿಭಾಗವನ್ನು ಬರುವ ವರ್ಷದಿಂದ ಮುಚ್ಚಲಾಯಿತು."

ಡೀನರು ಕೈ ಎತ್ತಿದರು. "ಆಲ್ಮಾ, 'ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ' ಎಂದು ಬರೆಯೋಣ. ಕೇಳಲು ಮೃದುವಾಗಿರುತ್ತದೆ."

"ಮತ್ತೆ ತೆರೆಯುವ ಯೋಚನೆ ಇದೆಯೇ?"

"ಇಲ್ಲ."

"ಹಾಗಿದ್ದರೆ ಮುಚ್ಚಲಾಯಿತು," ಎಂದರು ಮಿಸ್ ಆಲ್ಮಾ. ಕೆಳಗೆ ಸಹಿ ಮಾಡಿದರು. ಹೊರಗೆ ಬಂದ ಮೇಲೆ ನನ್ನ ಕೋಟಿನ ಮೇಲಿದ್ದ ಕಾಫಿ ಕಲೆ ನೋಡಿ, ನಿಂಬೆಹಣ್ಣು ತಿಕ್ಕಿದರೆ ಹೋಗುತ್ತದೆ ಎಂದರು.

ನಾನು ಹೊರಡುವ ಹಿಂದಿನ ದಿನ ಹೋಲ್ಡಾಲು ಬಂತು. ಮೂರು ದೇಶಗಳ ಚೀಟಿ ಅಂಟಿಸಿಕೊಂಡಿತ್ತು. ಚಟ್ನಿಗೆ ಬೂಸ್ಟು ಹಿಡಿದಿತ್ತು, ವಹಿಗೆ ಏನೂ ಆಗಿರಲಿಲ್ಲ. ನನ್ನ ಹೆಂಡತಿ ಹೊಲಿದ ಕೌದಿಯನ್ನು ಮಿಸ್ ಆಲ್ಮಾಗೆ ಕೊಟ್ಟೆ. ಹಳೆಯ ಸೀರೆಗಳ ಚೂರು ಸೇರಿಸಿ ಹೊಲಿದದ್ದೆಂದು ಹೇಳಿದೆ. ಅವರು ಒಂದೊಂದು ಚೂರನ್ನೂ ಮುಟ್ಟಿ ನೋಡಿ, ಯಾವ ಸೀರೆ ಯಾರದೆಂದು ಕೇಳಿದರು. ಗೊತ್ತಿದ್ದಷ್ಟು ಹೇಳಿದೆ.

ಹೋಟಗಿ ಜಂಕ್ಷನ್

ಮುಂಬಯಿಯಿಂದ ಬಂದವರು ವಿಜಾಪುರದ ಸಣ್ಣ ಗಾಡಿ ಹಿಡಿಯಲು ಹೋಟಗಿಯಲ್ಲಿ ಇಳಿದು ಕಾಯಬೇಕು. ಅಂದು ಗಾಡಿ ಮೂರು ತಾಸು ತಡ. ಮಧ್ಯಾಹ್ನದ ಬಿಸಿಲಿಗೆ ಪ್ಲಾಟ್‌ಫಾರ್ಮಿನ ಕಲ್ಲು ಸುಡುತ್ತಿತ್ತು. ನಾನು ಹೋಲ್ಡಾಲಿನ ಮೇಲೆ ಕುಳಿತು ಚೇರಮನ್ ಸಾಹೇಬರಿಗೆ ಕೊಡುವ ವರದಿ ಬರೆಯಲು ತೆಗೆದೆ.

ನಿಜ ಬರೆದರೆ ತರ್ಕಶಾಸ್ತ್ರ ಮುಗಿಯಿತು. ನನ್ನನ್ನು ಗ್ರಂಥಾಲಯಕ್ಕೋ ಕಚೇರಿಗೋ ಹಾಕುತ್ತಾರೆ, ಉಪವಾಸವೇನೂ ಬೀಳುವುದಿಲ್ಲ. ನೀಲವ್ವ ಮನೆಗೆ ಹೋಗುತ್ತಾಳೆ. ಸುಳ್ಳು ಬರೆದರೆ? ಅಯೋವಾಕ್ಕೆ ಹೋಗಿ ನೋಡಿಬರುವವರು ನಮ್ಮ ನಾಲ್ಕು ತಾಲೂಕಿನಲ್ಲಿ ಯಾರಿದ್ದಾರೆ?

ಸುಳ್ಳು ಬರೆಯಲಿಲ್ಲ. ಹನ್ನೊಂದು ವರ್ಷ ತರ್ಕಶಾಸ್ತ್ರ ಓದಿಸಿದವನಿಗೆ ಅದಕ್ಕಿಂತ ಜಾಣ ದಾರಿ ಗೊತ್ತಿತ್ತು. ಆ ಕಾಲೇಜಿನಲ್ಲಿ ನೂರು ವರ್ಷದಿಂದ ತರ್ಕ ಕಲಿಸಿದ್ದನ್ನು ಬರೆದೆ. ನಾನು ಹೋದಾಗ ಹನ್ನೆರಡು ಮಂದಿ ಕಲಿಯುತ್ತಿದ್ದದ್ದನ್ನು ಬರೆದೆ. ಮೇಜು, ಸವಾಲು, ರೈತನ ಮಗಳು ಕೆರೋಲ್, ಎಲ್ಲ ಬರೆದೆ. ಮಾರ್ಚಿನ ಸಭೆಯನ್ನು ಬರೆಯಲಿಲ್ಲ. ಬರೆದದ್ದರಲ್ಲಿ ಸುಳ್ಳಾದ ವಾಕ್ಯ ಒಂದೂ ಇರಲಿಲ್ಲ. ಮಿಸ್ ಆಲ್ಮಾ ಅವರ ನೆನಪು ಬಂದಾಗ ಎದ್ದು ಹೋಗಿ ಒಂದು ಚಹಾ ಕುಡಿದೆ. ನಾಚಿಕೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ವರದಿಗೆ ಸಹಿ ಹಾಕಿದೆ.

ಮತ್ತೆ ಊರು

ನಾನಿಲ್ಲದಾಗ ನನ್ನ ಏಳು ಮಂದಿ ಹಳೆಯ ನೋಟ್ಸು ನೋಡಿಕೊಂಡೇ ಪರೀಕ್ಷೆ ಬರೆದಿದ್ದರು. ಫಲಿತಾಂಶ ನಾನಿದ್ದಾಗಿನದಕ್ಕಿಂತ ಚೆನ್ನಾಗಿತ್ತು.

ಆಡಳಿತ ಮಂಡಳಿಯವರು ವರದಿ ಓದಿ ಖುಷಿಪಟ್ಟರು. "ಅಮೇರಿಕಾದಾಗ ಹಂದಿ ಕಾಯೋರ ಮಕ್ಕಳೂ ತರ್ಕಾ ಓದತಾವಂದ್ರ ನಾವ್ಯಾಕ ಬಿಡೂಣು?" ಎಂದರಂತೆ ಚೇರಮನ್ ಸಾಹೇಬರು. ವಿಷಯ ಮುಂದುವರಿಯಿತು. ವರದಿಯನ್ನು ನೋಟೀಸ್ ಬೋರ್ಡಿಗೂ ಹಚ್ಚಿದರು.

ಜೂನಿನಲ್ಲಿ ತರಗತಿ ಶುರುವಾದಾಗ ನಾನು ಬೂದು ವಹಿಯನ್ನು ಮನೆಯಲ್ಲೇ ಬಿಟ್ಟು ಹೋದೆ. ಹುಡುಗರು ಕೂಡುವ ಬಾಕುಗಳನ್ನು ಎಳೆಸಿ ಎದುರುಬದುರು ಹಾಕಿಸಿದೆ. ಈ ವರ್ಷ ನೋಟ್ಸ್ ಇಲ್ಲ, ಸವಾಲು ಜವಾಬು ಎಂದೆ. ಆರು ಮಂದಿ ಪರೀಕ್ಷೆಯ ಚಿಂತೆಯಿಂದ ಮುಖ ಸಣ್ಣ ಮಾಡಿದರು. ಈಗ ಎರಡನೇ ವರ್ಷಕ್ಕೆ ಬಂದಿದ್ದ ನೀಲವ್ವ ಎದ್ದು ನಿಂತಳು.

"ಸವಾಲ ಯಾರಿಗಾದ್ರೂ ಹಾಕಬಹುದೇನ್ರಿ ಸರ? ನಿಮಗೂ?"

"ಹಾಕು."

"ಹಂಗಾರ ಮೊದಲ ನಿಮ್ಮ ವರದಿ ಒಪ್ಪಸ್ತೇನ್ರಿ." ನೋಟೀಸ್ ಬೋರ್ಡಿನ ಮೇಲಿದ್ದ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಹೇಳಿದಳು. "ಇದ ಹೌದಲ್ರಿ ನೀವು ಬರದದ್ದು?"

ನಾನು ತಲೆಯಾಡಿಸಿದೆ. ಡೀನರು ತಲೆಯಾಡಿಸಿದ್ದು ನೆನಪಾಯಿತು.

"ಹಿಂದಿನ ನೂರ ವರ್ಷದ್ದು ಬರದೀರಿ. ನೀವು ಹೋದಾಗಿನದೂ ಬರದೀರಿ. ಬರೂ ವರ್ಷದ್ದು ಯಾಕ ಬರದಿಲ್ರಿ? ಚೇರಮನ್ ಸಾಹೇಬ್ರು ನಿಮ್ಮನ್ನ ಕಳಿಸಿದ್ದ ಅದನ್ನ ನೋಡ್ಕೊಂಡ ಬರ್ರಿ ಅಂತ."

ನಾನು ಕೆಮ್ಮಿದೆ. ಆ ಕೆಮ್ಮಿನ ನಂತರ ಏನು ಬರುತ್ತದೆಂದು ಯಾರ ನೋಟ್ಸಿನಲ್ಲೂ ಇರಲಿಲ್ಲ. ಏಳು ಮಂದಿ ನೋಡುತ್ತಿದ್ದರು. ಹೇಳಿಬಿಟ್ಟೆ. ಸಭೆ, ಹತ್ತೊಂಬತ್ತು ಕೈ, ಮಿಸ್ ಆಲ್ಮಾ ಸಹಿ ಮಾಡಿದ್ದು, ಎಲ್ಲ.

ನೀಲವ್ವ ಇನ್ನೂ ನಿಂತೇ ಇದ್ದಳು. "ಇದನ್ನ ಚೇರಮನ್ ಸಾಹೇಬ್ರಿಗೆ ಹೋಗಿ ಹೇಳ್ರಿ ಸರ," ಎಂದಳು.

"ಹೇಳಿದ್ರ ಮುಚ್ಚತಾರ. ನೀ ಮನಿಗೆ ಹೋಗ್ತಿ."

"ಗೊತ್ತೈತ್ರಿ." ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ಅರ್ಧಾ ಮಾತ್ ನುಂಗಿ ಗೆದ್ರ ನಮ್ಮವ್ವನ ಮ್ಯಾಳದಾಗ ದಪ್ಪ ಕಸ್ಕೋತಾರ್ರಿ."

ಮರುದಿನ ಅಡತಿ ಅಂಗಡಿಗೆ ಹೋದೆ. ಚೇರಮನ್ ಸಾಹೇಬರು ಪೂರಾ ಕೇಳಿದರು. ಬೈಯುತ್ತಾರೆಂದು ಕಾದೆ. ಅವರು ಅರಳೆಯ ಎಳೆ ಎಳೆಯುವುದನ್ನು ನಿಲ್ಲಿಸಿ, "ಇದನ್ನ ಹಿಡದವ್ರ್ಯಾರು?" ಎಂದರು.

"ಎರಡನೇ ವರ್ಷದ ಹುಡುಗಿರಿ. ಇಂಗಳೇಶ್ವರದಾಕಿ."

"ಮಂಡಳ್ಯಾಗ ನಾವು ಒಂಬತ್ತ ಮಂದಿ ನಿಮ್ಮ ವರದಿ ಓದೇವಿ. ಅದರಾಗ ಇಬ್ಬರು ವಕೀಲ್ರು." ಅರಳೆ ಕೆಳಗಿಟ್ಟರು. "ನೀವು ಮಾಡಿದ್ದು ಹಲಕಟ್ ಕೆಲಸ, ದೇಶಪಾಂಡೇರ."

"ಹೌದ್ರಿ."

"ಕಾಮರ್ಸ್ ತಗಿಯೂದ ತಗಿಯೂದು. ಆದ್ರ ಅಲ್ಲಿ ತರ್ಕಾ ಓದಿದವ್ರು ಏನ್ ಮಾಡ್ತಾರೋ ಬಿಡ್ತಾರೋ, ಇಲ್ಲಿ ಓದಿದಾಕಿ ಮಾಸ್ತರನ್ನ ಹಿಡದಾಳ. ಆಕಿ ಪಾಸಾಗಿ ಹೋಗೂ ಮಟಾ ಇರ್ಲಿ. ಆಕಿ ಹೋದ ದಿನ ಮುಚ್ಚೂಣು. ಹುಡುಗರಿಗೂ ಹಂಗ ಹೇಳ್ರಿ, ನುಂಗಬ್ಯಾಡ್ರಿ."

ತರಗತಿಗೆ ಬಂದು ಹಾಗೆಯೇ ಹೇಳಿದೆ, ಒಂದು ಅಕ್ಷರ ನುಂಗದೆ. ಎಲ್ಲರೂ ನಕ್ಕರು. ನೀಲವ್ವ ಮಾತ್ರ ನಗದೆ ಯೋಚಿಸಿ ಕೇಳಿದಳು:

"ಅಂದ್ರ ನಾ ನಪಾಸಾದ್ರ ಇನ್ನೊಂದ ವರ್ಷ ನಡೀತೈತೇನ್ರಿ ಸರ?"

ತರ್ಕದಲ್ಲಿ ದೋಷವಿರಲಿಲ್ಲ.

ಎರಡು ವರ್ಷ ನಡೆಸಿದೆವು. ಕೊನೆಯ ಪರೀಕ್ಷೆಯ ಹಿಂದಿನ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಹ್ಯಾಂಗ ಬರೀಲ್ರಿ ಸರ?" ಎಂದು ಕೇಳಿದಳು. "ಚಲೋ ಬರಿ," ಎಂದೆ. ಅವಳು ಮೊದಲನೇ ದರ್ಜೆಯಲ್ಲಿ ಪಾಸಾದಳು. ಆ ಜೂನಿನಲ್ಲಿ ನಮ್ಮ ಖೋಲಿಯಲ್ಲಿ ಕಾಮರ್ಸಿನ ಅರವತ್ತು ಮಂದಿ ಬಂದು ಕುಳಿತರು. ಮುಚ್ಚಿದ ಠರಾವನ್ನು ಕಾಲೇಜಿನ ನಡಾವಳಿ ಪುಸ್ತಕದಲ್ಲಿ ನಾನೇ ಕೇಳಿ ಪಡೆದು, ನನ್ನ ಕೈಯಿಂದ, ದಿನಾಂಕ ಹಾಕಿ ಬರೆದೆ. ಮುಚ್ಚಿದ ಕಾರಣ ಎಂಬಲ್ಲಿ, ವಿದ್ಯಾರ್ಥಿನಿ ಪಾಸಾದಳು ಎಂದು ಬರೆದೆ.